ಕಾಲುವೆ ದಾಟಿ ಬಂದ ಓಟು

ಹೆರಿಗೆ ವಾರ್ಡು ಮುಚ್ಚುತ್ತಾರಂತೆ ಎಂಬ ಸುದ್ದಿ ಬಂದಾಗ ದೊಡ್ಡಕ್ಕನ ಕೈಯಲ್ಲಿ ಆಗಷ್ಟೇ ಹುಟ್ಟಿದ ಕೂಸಿತ್ತು. ಬಾಗಿಲ ಸಂದಿಯಲ್ಲಿ ತಲೆ ತೂರಿಸಿ ಸುದ್ದಿ ಹೇಳಿದ ಆಯಾ ಅಳುತ್ತಿದ್ದಳು. ಕೂಸೂ ಅಳುತ್ತಿತ್ತು. ದೊಡ್ಡಕ್ಕ ಕೂಸನ್ನು ತಕ್ಕಡಿಯ ಮೇಲೆ ಮಲಗಿಸಿ, "ಅಳೋದಿದ್ರೆ ಹೊರಗೆ ಹೋಗಿ ಅಳು. ಇಲ್ಲಿ ಅಳೋ ಹಕ್ಕು ಇವನೊಬ್ಬನಿಗೇ," ಎಂದಳು.

ಹಾಗೆಂದವಳು ತಕ್ಕಡಿಯ ಮುಳ್ಳನ್ನು ಮೂರು ಸಲ ನೋಡಿದಳು. ಮೂರು ಸಲವೂ ಅದು ಏನು ತೋರಿಸುತ್ತಿದೆ ಎಂಬುದು ಅವಳ ತಲೆಗೆ ಹೋಗಲಿಲ್ಲ.

ಊರ ಸರಕಾರಿ ಆಸ್ಪತ್ರೆಯ ಹಿಂಭಾಗದಲ್ಲಿ ಎರಡು ಕೋಣೆ, ಆರು ಮಂಚ. ಅದೇ ವಾರ್ಡು. ಒಂದು ಕಿಟಕಿಯ ಬಾಗಿಲು ತಾನಾಗಿ ನಿಲ್ಲುತ್ತಿರಲಿಲ್ಲ, ಅದಕ್ಕೆ ಹಳೆಯ ಪೇಪರಿನ ಸುರುಳಿ ಸಿಕ್ಕಿಸಬೇಕಿತ್ತು. ಮೂಲೆಯ ಒಲೆಯ ಮೇಲೆ ಕತ್ತರಿ, ಚಿಮಟಗಳು ಸದಾ ಕುದಿಯುತ್ತಿದ್ದುದರಿಂದ ಗೋಡೆಗೆ ಬಳಿದ ತೆಳು ಹಸಿರು ಬಣ್ಣ ಆ ಮೂಲೆಯಲ್ಲಿ ಚಕ್ಕೆಚಕ್ಕೆಯಾಗಿ ಎದ್ದಿತ್ತು. ದೊಡ್ಡಕ್ಕ ಅಲ್ಲಿಗೆ ನರ್ಸಾಗಿ ಬಂದಾಗ ಅವಳ ಜಡೆ ಸೊಂಟ ಮುಟ್ಟುತ್ತಿತ್ತು. ಈಗ ಅದು ಹಿಡಿಯಷ್ಟು ಬಿಳಿಯ ಗಂಟು. ಬಸುರಿಯ ಹೊಟ್ಟೆ ಮುಟ್ಟುವ ಮುಂಚೆ ಎರಡೂ ಅಂಗೈಗಳನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುವುದು ಅವಳ ರೂಢಿ. ಕೂಸು ಹೊರಬಂದು ಉಸಿರೆಳೆದ ಮೇಲೆ ಅದರ ಕಿವಿಯ ಹತ್ತಿರ ಬಾಗಿ ಆ ದಿನದ ಹವಾ ಹೇಳುವುದು ಇನ್ನೊಂದು ರೂಢಿ. "ಹೊರಗೆ ಮೋಡ ಇದೆ ಮರೀ, ಗಾಳಿ ಪರವಾಗಿಲ್ಲ." ಯಾಕೆ ಹಾಗೆ ಮಾಡ್ತೀಯ ಎಂದು ಅವಳ ಗಂಡ ಒಮ್ಮೆ ಕೇಳಿದ್ದ. ಅವನದು ಪೇಟೆಯಲ್ಲಿ ಗಡಿಯಾರ ರಿಪೇರಿಯ ಪುಟ್ಟ ಅಂಗಡಿ, ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು. "ಹೊಸ ಊರಿಗೆ ಬಂದೋರಿಗೆ ಯಾರಾದ್ರೂ ಏನಾದ್ರೂ ಹೇಳ್ಬೇಡ್ವಾ?" ಎಂದಿದ್ದಳು.

ವಾರ್ಡು ಮುಚ್ಚುವ ಮಾತು ಚುನಾವಣೆಯ ಜೊತೆ ಬಂದಿತ್ತು. ದೇಶದಲ್ಲಿ ದೊಡ್ಡ ಪಕ್ಷಗಳು ಎರಡೇ. ಒಂದರ ಗುರುತು ಕೊಡೆ, ಇನ್ನೊಂದರದು ಏಣಿ. ಸಣ್ಣ ಸಣ್ಣ ಹೆರಿಗೆ ವಾರ್ಡುಗಳನ್ನೆಲ್ಲ ಮುಚ್ಚಿ ಬಸ್ಸಿನಲ್ಲಿ ಎರಡು ಗಂಟೆ ದೂರದ ಜಿಲ್ಲಾ ಪಟ್ಟಣದಲ್ಲಿ ಆಗಲೇ ಕಟ್ಟಿ ಮುಗಿದಿರುವ ಒಂದೇ ದೊಡ್ಡ, ಹೊಸ ಆಸ್ಪತ್ರೆಯಲ್ಲಿ ಎಲ್ಲ ಹೆರಿಗೆ ಮಾಡಿಸುತ್ತೇವೆ ಎಂದು ಏಣಿಯವರು ಹೇಳಿದ್ದರು. ಯಾವ ವಾರ್ಡನ್ನೂ ಮುಟ್ಟುವುದಿಲ್ಲ ಎಂದು ಕೊಡೆಯವರು ಮಾತು ಕೊಟ್ಟಿದ್ದರು. ದೇಶದ ಸಭೆಯಲ್ಲಿ ಇನ್ನೂರೊಂದು ಸ್ಥಾನ, ಒಂದೊಂದಕ್ಕೆ ಒಂದೊಂದು ಕ್ಷೇತ್ರ. ಕ್ಷೇತ್ರದಲ್ಲಿ ಯಾರಿಗೆ ಹೆಚ್ಚು ಮತ ಬೀಳುತ್ತದೋ ಅವರು ಸಭೆಗೆ ಹೋಗುತ್ತಾರೆ. ನೂರೊಂದು ಜನ ಯಾವ ಪಕ್ಷದವರೋ ಸರಕಾರ ಅವರದು.

ಊರಿನ ಕೊಡೆ ಅಭ್ಯರ್ಥಿ ಬೇಕರಿಯವರು. ಎರಡು ಚುನಾವಣೆ ಗೆದ್ದವರು, ಸೋಲಿನ ಭಯವೇ ಇಲ್ಲದವರು. ಬೇಕರಿಯ ಹಿಂದಿನ ಕೋಣೆಯಲ್ಲಿ, ಹಿಟ್ಟಿನ ಮೂಟೆಗಳ ಮೇಲೆ ಕೂತು ಊರವರು ಯೋಚನೆ ಮಾಡಿದರು.

"ಗೆಲ್ಲೋದಂತೂ ಗ್ಯಾರಂಟಿ," ಎಂದ ಗಾರೆ ಕೆಲಸದ ಮೇಸ್ತ್ರಿ. ಅವನಿಗೆ ಮಾತಾಡುವಾಗ ಗಾಳಿಯಲ್ಲಿ ಕರಣೆ ಆಡಿಸುವ ಅಭ್ಯಾಸ. "ಆದ್ರೆ ಸುಮ್ನೆ ಗೆದ್ರೆ ಸಾಲದು. ದೇಶವೇ ತಿರುಗಿ ನೋಡೋ ಹಾಗೆ ಗೆಲ್ಬೇಕು. ಅಷ್ಟು ಜನ ಒಟ್ಟಾಗಿರೋ ಊರಿನ ವಾರ್ಡಿಗೆ ಕೈ ಹಾಕೋಕೆ ಯಾವ ಸರಕಾರಕ್ಕೆ ಧೈರ್ಯ ಬರುತ್ತೆ?"

"ಇರೋ ಓಟು ಇಷ್ಟೇ ಅಲ್ವಾ? ಹಿಟ್ಟಿನ ಹಾಗೆ ಉಬ್ಬಿಸೋಕಾಗುತ್ತಾ?" ಎಂದರು ಬೇಕರಿಯವರು.

ಆಗ ದೊಡ್ಡಕ್ಕ ಬಾಯಿ ಹಾಕಿದಳು. "ಕಾಲುವೆ ಆಚೆ ಇದಾರಲ್ಲ ನನ್ನ ಮಕ್ಕಳು!"

ಊರ ಅಂಚಿನಲ್ಲಿ ಒಂದು ಕಾಲುವೆ. ಅದರ ಆಚೆ ಹೊಸ ಬಡಾವಣೆ. ಬಾಡಿಗೆ ಕಡಿಮೆಯೆಂದು ಊರಿನ ಎಷ್ಟೋ ಸಂಸಾರಗಳು ಅಲ್ಲಿಗೆ ಹೋಗಿ ನೆಲೆಸಿದ್ದವು. ಆದರೆ ಕಾಲುವೆಯಾಚೆ ಬೇರೆ ಕ್ಷೇತ್ರ. ಕಾಯಿದೆಯಲ್ಲಿ ಒಂದು ಸಡಿಲಿಕೆ ಇತ್ತು. ವಾಸವಿರುವ ಕಡೆ ಅಥವಾ ಹುಟ್ಟಿದ ಕಡೆ, ಎರಡರಲ್ಲಿ ಎಲ್ಲಾದರೂ ಒಂದು ಕಡೆ ಹೆಸರು ಬರೆಸಿ ಮತ ಹಾಕಬಹುದು. ಬಡಾವಣೆಯ ಅರ್ಧದಷ್ಟು ಜನ ಹುಟ್ಟಿದ್ದು ಈಚೆಯ ಆರು ಮಂಚಗಳಲ್ಲಿ. ಯಾವ ಮಂಚದಲ್ಲಿ ಯಾರು ಎಂಬುದೂ ದೊಡ್ಡಕ್ಕನಿಗೆ ನೆನಪಿತ್ತು.

"ಇದಪ್ಪಾ ತಲೆ ಅಂದ್ರೆ!" ಎಂದು ಮೇಸ್ತ್ರಿ ಹಿಟ್ಟಿನ ಮೂಟೆಗೆ ಗುದ್ದಿದ. ಎಲ್ಲರ ಮೇಲೂ ಬಿಳಿಯ ಧೂಳು ಕೂತಿತು.

ದೊಡ್ಡಕ್ಕನ ತಮ್ಮ ಬಸ್ಸಿನ ಡ್ರೈವರು. ಅವನ ಮನೆಯೂ ಬಡಾವಣೆಯಲ್ಲೇ. ಕೆಲಸ ಮುಗಿಸಿದ ಸಂಜೆಗಳಲ್ಲಿ ಅಕ್ಕತಮ್ಮ ಇಬ್ಬರೂ ಕಾಲುವೆ ದಾಟಿ ಮನೆ ಮನೆ ತಿರುಗಿದರು. ಬಾಗಿಲು ತೆರೆದವರ ಮುಖವನ್ನು ದೊಡ್ಡಕ್ಕ ಒಂದು ಗಳಿಗೆ ದಿಟ್ಟಿಸುತ್ತಿದ್ದಳು. ಆಮೇಲೆ ಶುರು.

"ನೀನು ಕಾಲು ಮುಂದಾಗಿ ಬಂದೋನಲ್ವಾ? ನಿನ್ನಮ್ಮ ನನ್ನ ಕೈ ಕಚ್ಚಿದ್ಲು ಕಣೋ, ಇಲ್ಲಿ ನೋಡು ಗುರುತು."

ಮೀಸೆ ಹೊತ್ತ ಗಂಡಸು ನಾಚಿ ಹೆಂಡತಿಯ ಕಡೆ ನೋಡುತ್ತಿದ್ದ. ತಮ್ಮ ಹಿಂದಿನಿಂದ ಒಗ್ಗರಣೆ ಹಾಕುತ್ತಿದ್ದ. "ಈಗಲೂ ಅವನು ಬಸ್ ಹತ್ತೋದು ಹಾಗೇ ಅಕ್ಕ. ಮೊದಲು ಕಾಲು, ಆಮೇಲೆ ಟಿಕೆಟ್ಟು."

ನಗು ಮುಗಿಯುವಷ್ಟರಲ್ಲಿ ಕೆಲಸ ಆಗಿಬಿಡುತ್ತಿತ್ತು. ಹುಟ್ಟಿಸಿದವಳು ಬಾಗಿಲಿಗೆ ಬಂದು ಕೇಳಿದರೆ ಇಲ್ಲವೆನ್ನುವವರು ಯಾರು? ಒಬ್ಬಳು ಮಾತ್ರ, ಸೊಂಟದ ಮೇಲೆ ಮಗಳನ್ನು ಕೂರಿಸಿಕೊಂಡಿದ್ದವಳು, ಸ್ವಲ್ಪ ಅನುಮಾನಿಸಿದಳು.

"ಈ ಸಲ ಟೀಚರಿಗೆ ಹಾಕ್ಬೇಕು ಅಂತಿದ್ದೆ ದೊಡ್ಡಕ್ಕ. ನಮ್ಮ ಬಡಾವಣೇಲಿ ಅವರೇ ನಿಂತಿರೋದು, ನನಗೆ ಪಾಠ ಹೇಳಿದೋರು."

"ಟೀಚರು ಯಾವ ಪಕ್ಷ?"

"ಕೊಡೆ."

"ಬೇಕರಿಯವರು?"

"ಅವರೂ ಕೊಡೆನೇ."

"ಮತ್ತೆ? ಒಂದೇ ಕೊಡೆ ಕೆಳಗೆ ಈ ಕಡೆ ನಿಂತರೇನು, ಆ ಕಡೆ ನಿಂತರೇನು? ಟೀಚರು ಹೇಗಿದ್ರೂ ಗೆಲ್ತಾರೆ ಬಿಡು."

ಅವಳಿಗೂ ಅದು ಸರಿಯೆನಿಸಿತು. ಇಬ್ಬರೂ ನಕ್ಕರು.

ಮತದಾನದ ದಿನ ಕಾಲುವೆಯ ಸೇತುವೆಯ ಮೇಲೆ ಮೆರವಣಿಗೆಯಂತೆ ಜನ ಬಂದರು. ತಮ್ಮ ಬಸ್ಸಿನ ಹಾರನ್ ಒತ್ತುತ್ತಾ ನಾಲ್ಕಾರು ಸಲ ಓಡಾಡಿದ. ತನ್ನ ಹೆಸರನ್ನೂ ಅವನು ಈಚೆಗೇ ಬರೆಸಿದ್ದ. ಶಾಲೆಯ ವರಾಂಡದಲ್ಲಿ ಸಾಲು ನಿಂತು ಮತ ಹಾಕಿ ಬಂದ ದೊಡ್ಡ ದೊಡ್ಡ ಗಂಡಸರು, ಹೆಂಗಸರು ದೊಡ್ಡಕ್ಕನನ್ನು ನೋಡಿ ಶಾಯಿ ಹಚ್ಚಿದ ಬೆರಳು ಎತ್ತಿ ತೋರಿಸಿದರು. ಅವಳ ಎದೆ ತುಂಬಿ ಬಂತು. ತಾನು ಕೈಯಾರೆ ಈ ಲೋಕಕ್ಕೆ ಬರಮಾಡಿಕೊಂಡವರೆಲ್ಲ ಒಂದೇ ದಿನ, ಒಂದೇ ಕಡೆ! ಹೀಗೊಂದು ದಿನ ತನಗೆ ಸಿಗುತ್ತದೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ.

ಎಣಿಕೆಯ ದಿನ ಮಧ್ಯಾಹ್ನದ ಹೊತ್ತಿಗೆ ಬೇಕರಿಯವರು ಮೂವತ್ತೊಂದು ಸಾವಿರದ ಅಂತರದಲ್ಲಿ ಗೆದ್ದಿದ್ದರು. ದೇಶದಲ್ಲೇ ಅತಿ ದೊಡ್ಡ ಅಂತರ ಎಂದು ಟೀವಿಯವರು ಊರ ಹೆಸರು ಹೇಳಿದಾಗ ಪೇಟೆಯ ಚೌಕದಲ್ಲಿ ಕೇಕೆ ಹೊರಟಿತು. ಮೇಸ್ತ್ರಿ ಮತ್ತು ಇನ್ನೂ ಮೂವರು ಸೇರಿ ದೊಡ್ಡಕ್ಕನನ್ನು ಕುರ್ಚಿ ಸಮೇತ ಎತ್ತಿದರು.

"ಇಳಿಸ್ರೋ! ಬಿದ್ರೆ ನನ್ನ ಸೊಂಟ ನೋಡೋಕೆ ಯಾರಿದಾರೆ?"

"ನಮ್ಮನ್ನೆಲ್ಲ ಮೊದಲು ಎತ್ಕೊಂಡಿದ್ದು ನೀವೇ ಅಲ್ವಾ? ಇವತ್ತು ನಮ್ಮ ಸರದಿ," ಎಂದ ಮೇಸ್ತ್ರಿ.

"ಆಗ ನೀನು ಎರಡೂವರೆ ಕೇಜಿ ಇದ್ದೆ. ನಾನು ಅಷ್ಟಿದೀನೇನೋ?"

ಕುರ್ಚಿ ತೂಗಾಡಿತು. ಎತ್ತರದಿಂದ ಅವಳಿಗೆ ಎಲ್ಲರ ತಲೆಗಳ ಮೇಲೆ ಎಲೆಕ್ಟ್ರಿಕ್ ಅಂಗಡಿಯ ಟೀವಿ ಕಾಣುತ್ತಿತ್ತು. ಪರದೆಯ ಕೆಳಗೆ ಅಕ್ಷರಗಳು ಓಡುತ್ತಿದ್ದವು. ಪಕ್ಕದ ಕ್ಷೇತ್ರದ ಹೆಸರು ಬಂತು. ಅದರ ಎದುರು ಏಣಿಯ ಚಿತ್ರ. ಅಂತರ ಎಂಟುನೂರ ಹನ್ನೆರಡು.

ದೊಡ್ಡಕ್ಕ ಅದನ್ನು ಓದಿದಳು. ಅಯ್ಯೋ ಪಾಪ, ಟೀಚರು ಸೋತರು ಎಂದುಕೊಂಡಳು. ಕುರ್ಚಿ ಇನ್ನೊಮ್ಮೆ ತೂಗಿತು. ಆಮೇಲೆ ಆ ಸಂಖ್ಯೆ ನಿಧಾನವಾಗಿ, ತಣ್ಣಗೆ, ಬೆನ್ನುಹುರಿಯ ಉದ್ದಕ್ಕೂ ಇಳಿಯಿತು.

"ಇಳಿಸ್ರೋ," ಎಂದಳು.

ಯಾರೂ ಇಳಿಸಲಿಲ್ಲ. ಆಗಿನಿಂದ ಅವಳು ಅದನ್ನೇ ಕೂಗುತ್ತಿದ್ದಳಲ್ಲ! ದನಿ ಬೇರೆಯಾಗಿದ್ದು ಗದ್ದಲದಲ್ಲಿ ಯಾರಿಗೂ ತಿಳಿಯಲಿಲ್ಲ.

ಕೊನೆಗೆ ಇಳಿದಾಗ ಅವಳ ಎದುರು ತಮ್ಮ ನಿಂತಿದ್ದ.

"ನೋಡಿದ್ಯಾ ಅಕ್ಕ?"

"ನೋಡ್ದೆ. ನಾವು ಆ ಕಡೆಯಿಂದ ಎಷ್ಟು ಜನಾನ್ನ ಕರ್ಕೊಂಡು ಬಂದ್ವಿ?"

"ಸಾವಿರದ ಮೇಲಾಯ್ತು."

"ಎಲ್ಲ ಕೊಡೆಯವರೇ ಅಲ್ವಾ?"

"ನೀನು ಹೋಗಿದ್ದೇ ಕೊಡೆಯವರ ಮನೆಗೆ. ನಾನೂ ಅವರಲ್ಲೊಬ್ಬ, ಅಕ್ಕ. ನಾನೂ ಅಲ್ಲೇ ಹಾಕಬೇಕಿತ್ತು."

ಅವರಿಬ್ಬರ ಸುತ್ತ ಜನ ಕುಣಿಯುತ್ತಿದ್ದರು.

ಸಂಜೆಯಾಗುವ ಮುಂಚೆ ಕುಣಿತ ನಿಂತಿತು. ದೇಶದ ಲೆಕ್ಕ ಪೂರ್ತಿಯಾಗಿತ್ತು. ಏಣಿಗೆ ನೂರೊಂದು, ಕೊಡೆಗೆ ನೂರು. ಒಟ್ಟು ಮತಗಳನ್ನು ಕೂಡಿಸಿದರೆ ಕೊಡೆಗೇ ಹೆಚ್ಚು, ಸರಕಾರ ಮಾತ್ರ ಏಣಿಯದು. ಎಲೆಕ್ಟ್ರಿಕ್ ಅಂಗಡಿಯ ಮುಂದೆ ನಿಂತವರಿಗೆ ಇದು ಅರ್ಥವೇ ಆಗಲಿಲ್ಲ. ಯಾರೋ ಮೋಸ ಎಂದರು. ಇನ್ಯಾರೋ ಟೀವಿ ಕೆಟ್ಟಿದೆ ಎಂದರು. ಅಂಗಡಿಯವನು ನಿಜಕ್ಕೂ ಎದ್ದು ಬಂದು ಟೀವಿಗೆ ಎರಡು ತಟ್ಟಿದ. ಏಣಿ ಏಣಿಯಾಗಿಯೇ ಉಳಿಯಿತು.

ದೊಡ್ಡಕ್ಕ ಗಂಡನ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಳು. ಟೀಚರು ಗೆದ್ದಿದ್ದರೆ ಕೊಡೆಗೆ ನೂರೊಂದು. ಅಷ್ಟೇ. ಅದಕ್ಕಿಂತ ಉದ್ದದ ಲೆಕ್ಕ ಏನೂ ಇರಲಿಲ್ಲ. ಬೇಕರಿಯವರು ಒಂದೇ ಒಂದು ಮತದಿಂದ ಗೆದ್ದಿದ್ದರೂ ಸಭೆಯಲ್ಲಿ ಅವರಿಗೆ ಸಿಗುತ್ತಿದ್ದುದು ಒಂದೇ ಕುರ್ಚಿ. ಮೂವತ್ತೊಂದು ಸಾವಿರದಿಂದ ಗೆದ್ದರೂ ಅದೇ ಒಂದು ಕುರ್ಚಿ. ಮಿಕ್ಕಿದ್ದೆಲ್ಲ ಚೌಕದಲ್ಲಿ ಕುಣಿಯುವುದಕ್ಕೆ ಮಾತ್ರ.

"ನೀರು ಕುಡಿ," ಎಂದ ಗಂಡ. ಅವಳು ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ.

"ನಾನೇ ಕಣ್ರೀ," ಎಂದಳು. "ನಾನೇ ನನ್ನ ಕೈಯಾರೆ."

ಅವನು ಬಿಚ್ಚಿಟ್ಟಿದ್ದ ಕೈಗಡಿಯಾರದ ತಿರುಪುಗಳನ್ನು ಅಂಗೈಯಿಂದ ಒಂದು ಕಡೆ ಸರಿಸಿ ಅವಳ ಕೈ ಹಿಡಿದುಕೊಂಡ. ಅದು ಮಂಜಿನಂತೆ ಕೊರೆಯುತ್ತಿತ್ತು.

ಹೊಸ ಸರಕಾರ ಮಾತಿಗೆ ತಪ್ಪಲಿಲ್ಲ. ಮುಂದಿನ ತಿಂಗಳ ಮೊದಲ ದಿನದಿಂದ ವಾರ್ಡಿಗೆ ಯಾರನ್ನೂ ಸೇರಿಸಿಕೊಳ್ಳಕೂಡದು ಎಂಬ ಆದೇಶ ಬಂತು. ಜಿಲ್ಲಾ ಪಟ್ಟಣದ ಆಸ್ಪತ್ರೆ ಚೆನ್ನಾಗಿಯೇ ಇತ್ತು, ಅದನ್ನು ದೊಡ್ಡಕ್ಕ ಅಲ್ಲಗಳೆಯಲಿಲ್ಲ. ಆದರೆ ನೋವು ಬಂದ ಬಸುರಿಗೆ ಎರಡು ಗಂಟೆಯ ದಾರಿ ಎಂದರೇನೆಂದು ಅವಳಿಗೆ ಗೊತ್ತಿತ್ತು. ಊರಿನಲ್ಲಿ ಎಲ್ಲರೂ ಮೋಸ, ಮೋಸ ಎನ್ನುತ್ತಿದ್ದರು. ಅವಳನ್ನು ಕಂಡರೆ ಮಾತ್ರ ದನಿ ತಗ್ಗಿಸಿ, "ನೀವು ಮಾಡೋದೆಲ್ಲ ಮಾಡಿದ್ರಿ ದೊಡ್ಡಕ್ಕ," ಎಂದು ಸಮಾಧಾನ ಹೇಳುತ್ತಿದ್ದರು. ಆ ಸಮಾಧಾನವನ್ನು ಕೇಳಲಾರದೆ ಒಂದು ಬೆಳಿಗ್ಗೆ ಅವಳು ಒಬ್ಬಳೇ ಕಾಲುವೆ ದಾಟಿ ಟೀಚರ ಮನೆ ಹುಡುಕಿಕೊಂಡು ಹೋದಳು.

ಟೀಚರು ಕಾಂಪೌಂಡ್ ಗೋಡೆಯಿಂದ ತನ್ನದೇ ಪೋಸ್ಟರುಗಳನ್ನು ಕೀಳುತ್ತಿದ್ದಳು. ಪಕ್ಕದಲ್ಲಿ ನೀರಿನ ಬಕೆಟ್ಟು, ಕೈಯಲ್ಲಿ ತೆಂಗಿನ ನಾರು. ಗೋಡೆಯ ಮೇಲೆ ಅವಳ ಅರ್ಧ ಮುಖ ಉಳಿದಿತ್ತು.

"ಬನ್ನಿ ಸಿಸ್ಟರ್. ಗೋಂದು ಗಟ್ಟಿಯಾಗಿ ಹಾಕಿದಾರೆ ನಮ್ಮ ಹುಡುಗರು. ಓಟೊಂದು ಬಿಟ್ಟು ಮಿಕ್ಕಿದ್ದೆಲ್ಲ ಅಂಟ್ಕೊಂಡಿದೆ," ಎಂದು ನಕ್ಕಳು. ಆಮೇಲೆ, ಕೇಳದಿದ್ದರೂ, "ಕೊನೇ ಸಭೇಲಿ ನಾನು ಜಾಸ್ತಿ ಮಾತಾಡ್ಬಿಟ್ಟೆ ಅನ್ಸುತ್ತೆ. ನಮ್ಮೆಜಮಾನ್ರು ದಿನಾ ಅದನ್ನೇ ಹೇಳ್ತಾರೆ. ಭಾಷಣ ಪಾಠದ ಹಾಗಾಯ್ತು, ಜನ ಆಕಳಿಸಿದ್ರು ಅಂತ," ಎಂದಳು.

"ಭಾಷಣದಿಂದ ಅಲ್ಲ," ಎಂದಳು ದೊಡ್ಡಕ್ಕ.

ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಬೇಕರಿಯ ಹಿಂದಿನ ಕೋಣೆ, ಮನೆ ಮನೆ ತಿರುಗಿದ್ದು, ಸೇತುವೆಯ ಮೇಲಿನ ಮೆರವಣಿಗೆ. ಟೀಚರ ಕೈಯಲ್ಲಿದ್ದ ನಾರಿನಿಂದ ನೀರು ತೊಟ್ಟಿಕ್ಕಿ ಅವಳ ಸೀರೆಯ ಅಂಚು ತೋಯುತ್ತಿತ್ತು. ಅದು ಅವಳಿಗೆ ತಿಳಿಯುತ್ತಿರಲಿಲ್ಲ.

"ಸಾವಿರ ಜನ?" ಎಂದಳು.

"ಮೇಲೇ."

"ನನ್ನ ಪಕ್ಷದೋರು. ನನ್ನ ಪಕ್ಷಕ್ಕಾಗಿ." ಟೀಚರು ಗೋಡೆಗೆ ಒರಗಿದಳು. "ರಾತ್ರಿಯೆಲ್ಲ ನಿದ್ದೆ ಇಲ್ಲದೆ ನನ್ನ ತಪ್ಪು ಹುಡುಕ್ತಿದ್ದೆ ಸಿಸ್ಟರ್ ನಾನು. ಯಾವ ಬೀದಿ ಬಿಟ್ಟೆ, ಯಾರಿಗೆ ನಮಸ್ಕಾರ ಹೇಳ್ಲಿಲ್ಲ ಅಂತ..."

"ಕ್ಷಮಿಸಿ ಅನ್ನೋಕೂ ನನಗೆ ಬಾಯಿಲ್ಲ."

"ಅನ್ಬೇಡಿ. ನನಗೆ ನಿಮ್ಮ ಮೇಲೆ ತುಂಬ ಕೋಪ ಬರ್ತಿದೆ. ದಯವಿಟ್ಟು ಈಗ ಹೋಗಿ."

ದೊಡ್ಡಕ್ಕ ಗೇಟು ದಾಟಿದ್ದಳು. ಹಿಂದಿನಿಂದ ಟೀಚರು ಕೂಗಿದಳು. "ನಿಮ್ಮೂರಿನೋರಿಗೆ ಇದು ಗೊತ್ತಾ?"

"ಇಲ್ಲ."

"ಹಾಗಾದ್ರೆ ಮುಂದಿನ ಸಲ ಇನ್ನೂ ಸಾವಿರ ಜನಾನ್ನ ಎಳ್ಕೊಂಡು ಹೋಗ್ತಾರೆ."

ತಿಂಗಳ ಮೊದಲ ದಿನ ವಾರ್ಡಿನ ಬಾಗಿಲಿಗೆ ಬೀಗ ಬಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಆಸ್ಪತ್ರೆಯ ಗೇಟಿನ ಮುಂದೆ ಊರೇ ನೆರೆದಿತ್ತು. ಬೇಕರಿಯವರು ಮೇಜಿನ ಮೇಲೆ ಹತ್ತಿ ಮೈಕು ಹಿಡಿದಿದ್ದರು.

"ಮೂವತ್ತೊಂದು ಸಾವಿರಕ್ಕೆ ಬೆಲೆ ಇಲ್ವಾ? ಸರಿ! ಮುಂದಿನ ಸಲ ಐವತ್ತು ಸಾವಿರ ಕೊಡೋಣ! ಹೊರಗಿರೋ ನಮ್ಮೋರನ್ನೆಲ್ಲ ಕರೆಸೋಣ!"

ಗುಂಪು ಹೋ ಎಂದಿತು. ಮೇಸ್ತ್ರಿ ದೊಡ್ಡಕ್ಕನ ತೋಳು ಹಿಡಿದು ಮುಂದೆ ತಂದ. "ಹೇಳಿ ದೊಡ್ಡಕ್ಕ, ಎರಡು ಮಾತು ಹೇಳಿ."

ಮೈಕು ಅವಳ ಕೈಗೆ ಬಂತು. ಅವಳು ಜೀವನದಲ್ಲಿ ಅದನ್ನು ಹಿಡಿದವಳಲ್ಲ. ಬಾಯಿಗೆ ತೀರ ಹತ್ತಿರ ಹಿಡಿದಿದ್ದರಿಂದ ಅವಳ ಉಸಿರು ಮೊದಲು ಎಲ್ಲರಿಗೂ ಕೇಳಿಸಿತು.

"ಯಾರೂ ಮೋಸ ಮಾಡಿಲ್ಲ," ಎಂದಳು. "ನಾವೇ ಮಾಡ್ಕೊಂಡಿದ್ದು. ನಾನು ಹೇಳಿಕೊಟ್ಟು ಮಾಡಿಸಿದ್ದು. ಕಾಲುವೆ ಆಚೆಯಿಂದ ಸಾವಿರ ಓಟು ಈ ಕಡೆ ತಂದೆ. ಇಲ್ಲಿ ಅದು ಬೇಕಾಗೇ ಇರಲಿಲ್ಲ. ಅಲ್ಲಿ ಟೀಚರು ಎಂಟುನೂರಕ್ಕೆ ಸೋತ್ರು. ಅವರು ಗೆದ್ದಿದ್ರೆ ಸರಕಾರ ನಮ್ಮದು. ಈ ಬೀಗ ಹಾಕಿದ್ದು ಏಣಿಯೋರಲ್ಲ. ನಾನು."

ಮೇಸ್ತ್ರಿ ನಕ್ಕ. ಅವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡ. ಅವಳ ಮುಖ ನೋಡಿ ನಗು ಅರ್ಧಕ್ಕೆ ನಿಂತಿತು.

"ಹಾಗಂದ್ರೆ... ಗೆದ್ದಿದ್ದಕ್ಕೇ ಸೋತ್ವಾ?" ಎಂದ.

ಒಬ್ಬೊಬ್ಬರ ಮುಖದಲ್ಲೂ ಆ ಲೆಕ್ಕ ಹೊಕ್ಕಿದ್ದು ದೊಡ್ಡಕ್ಕನಿಗೆ ಕಾಣಿಸಿತು. ಮೊದಲು ಹುಬ್ಬು ಗಂಟಾಯಿತು, ಆಮೇಲೆ ಬಾಯಿ ಸ್ವಲ್ಪ ತೆರೆಯಿತು, ಆಮೇಲೆ ಕಣ್ಣು ಅವಳಿಂದ ಬೇರೆ ಕಡೆಗೆ ಹೊರಳಿತು. ಬೇಕರಿಯವರು ಮೇಜಿನಿಂದ ಮೆಲ್ಲಗೆ ಇಳಿದರು.

"ಹೆಸರುಗಳನ್ನ ವಾಪಸ್ಸು ಆ ಕಡೆಗೆ ಬರೆಸ್ಬೇಕು," ಎಂದಳು ದೊಡ್ಡಕ್ಕ. "ನಾಳೆಯಿಂದ ಮನೆ ಮನೆಗೆ ಹೋಗ್ತೀನಿ. ಬೈದ್ರೆ ಬೈಸ್ಕೋತೀನಿ. ಬರೋರು ಬನ್ನಿ, ಬರದಿದ್ರೆ ಬೇಡ."

ಅಷ್ಟರಲ್ಲಿ ಗುಂಪಿನ ಹಿಂದೆ ಹಾರನ್ ಕೇಳಿಸಿತು. ಬಾಡಿಗೆ ಕಾರೊಂದು ನುಗ್ಗಿ ಬಂದು ಗೇಟಿನ ಮುಂದೆ ನಿಂತಿತು. ಒಳಗೆ ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಎರಡೂ ಕೈಗಳಿಂದ ಮುಂದಿನ ಸೀಟನ್ನು ಹಿಡಿದುಕೊಂಡು ನರಳುತ್ತಿದ್ದಳು. ಪಕ್ಕದಲ್ಲಿ ಅವಳ ತಾಯಿ. ಮುಂದಿನ ಸೀಟಿನಲ್ಲಿದ್ದ ಅವಳ ಗಂಡ ಕೆಳಗಿಳಿದು ಬೀಗ ನೋಡಿದ, ಜನರನ್ನು ನೋಡಿದ.

"ದೊಡ್ಡಕ್ಕ, ಬಾಗಿಲು ತೆಗೀರಿ. ನೋವು ಜೋರಾಗಿದೆ."

"ತೆಗೆಯೋ ಹಾಗಿಲ್ಲಪ್ಪ. ಒಳಗೆ ಮಂಚಾನೂ ಇಲ್ಲ. ನಿನ್ನೆಯೇ ಲಾರೀಲಿ ತಗೊಂಡು ಹೋದ್ರು."

"ಮತ್ತೆ ಎಲ್ಲಿಗೆ?"

"ಜಿಲ್ಲೆಗೆ."

"ಅಷ್ಟು ದೂರ!" ಎಂದ ಅವನು. "ಅಲ್ಲಿವರೆಗೂ ತಡೀತಾಳಾ?"

ದೊಡ್ಡಕ್ಕ ಮೈಕನ್ನು ಯಾರ ಕೈಗೋ ಕೊಟ್ಟಳು. ಕಾರಿನ ಬಾಗಿಲು ತೆಗೆದು, ತಾಯಿಯನ್ನು ಮುಂದಿನ ಸೀಟಿಗೆ ಕಳಿಸಿ, ತಾನು ಹಿಂದೆ ಹತ್ತಿ ಆ ಹೆಂಗಸಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಗಂಡ ಕಾಲ ಬಳಿ ಹೇಗೋ ಮುದುಡಿಕೊಂಡು ಕೂತ.

"ಗುಂಡಿ ನೋಡ್ಕೊಂಡು ಓಡಿಸು," ಎಂದಳು ಡ್ರೈವರನಿಗೆ. "ದಾರೀಲಿ ನಿಲ್ಸು ಅಂದ ಕಡೆ ನಿಲ್ಸು."

ಗುಂಪು ಎರಡಾಗಿ ದಾರಿ ಬಿಟ್ಟಿತು. ಕಾರು ಚೌಕ ದಾಟಿ, ಸೇತುವೆ ಹತ್ತಿ, ಜಿಲ್ಲೆಯ ರಸ್ತೆಗೆ ತಿರುಗುವವರೆಗೆ ಊರು ನಿಂತಲ್ಲೇ ನಿಂತು ನೋಡಿತು. ಮೇಸ್ತ್ರಿಯ ಕೈಗೆ ಬಂದಿದ್ದ ಮೈಕು ಗುಂಯ್‌ಗುಡುತ್ತಿತ್ತು. ಅದನ್ನು ಆರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.